ಕತ್ತಲ ಕೋಣೆಯಲ್ಲಿ ಹಂಪಿ, ಪಕ್ಕದಲ್ಲಿ ನಾಲ್ಕು ಜನ

ಹೊಸಪೇಟೆಯಿಂದ ಬಳ್ಳಾರಿ ದಾರಿ ಹಿಡಿದು ಸುಮಾರು 30 ಕಿಲೋಮೀಟರ್ ಹೋದರೆ ತೋರಣಗಲ್ಲು. ಸಂಡೂರು ತಾಲ್ಲೂಕಿನ ಈ ಊರಿನ ಹೆಸರೆತ್ತಿದರೆ ಸುತ್ತಲ ಸೀಮೆಯವರ ಕಣ್ಣಿಗೆ ಕಟ್ಟುವುದು ಉಕ್ಕಿನ ಕಾರ್ಖಾನೆಯ ಚಿಮಣಿ, ಸಾಲುಗಟ್ಟಿದ ಅದಿರು ಲಾರಿ, ಗಿಡದ ಎಲೆಯನ್ನೂ ಬಿಡದ ಕೆಂಧೂಳು. ಅದೇ ಕಾರ್ಖಾನೆಯ ವಿದ್ಯಾನಗರ ಟೌನ್‌ಶಿಪ್ಪಿನಲ್ಲಿ ಕಲಾಧಾಮ ಎಂಬ ಸಾಂಸ್ಕೃತಿಕ ಕೇಂದ್ರವಿದೆ ಎನ್ನುವುದು ಹಂಪಿಗೆ ಬಂದು ಹೋಗುವ ಬಹುಪಾಲು ಜನರ ಕಿವಿಗೆ ಬಿದ್ದಿರುವುದಿಲ್ಲ. ಫ್ರಾನ್ಸ್, ಆಸ್ಟ್ರೇಲಿಯಾ ಸುತ್ತಿದ ಒಂದು ವರ್ಚುವಲ್ ರಿಯಾಲಿಟಿ ಕಲಾಕೃತಿ 2012ರಲ್ಲಿ ಇಲ್ಲಿ ನೆಲೆಯೂರಿತು. ಹೆಸರು ‘ಪ್ಲೇಸ್-ಹಂಪಿ’.

ಕತ್ತಲ ಕೋಣೆಯೊಳಗೆ ದುಂಡಗೆ ಸುತ್ತುವರಿದ ಪರದೆ. ವ್ಯಾಸ 9 ಮೀಟರ್. ನಡುವೆ ಮೋಟಾರಿನಿಂದ ತಿರುಗುವ ಒಂದು ಕಟ್ಟೆ. ಕಟ್ಟೆಯ ಮೇಲೆ ನಿಂತವರು ಎತ್ತ ತಿರುಗಿಸಿದರೆ ಅತ್ತ ಚಿತ್ರವೂ ಹೊರಳುತ್ತದೆ. ಮುಂದೆ ಸಾಗಿದರೆ ಒಂದು ತಾಣದಿಂದ ಇನ್ನೊಂದು ತಾಣಕ್ಕೆ ದಾಟಬಹುದು. ಉಳಿದವರು ಮೂರು ಆಯಾಮದ ಕನ್ನಡಕ ಹಾಕಿಕೊಂಡು ಸುತ್ತ ನಿಂತಿರುತ್ತಾರೆ. ಹಂಪಿಯ ಬಂಡೆಗಳು, ಮಂಟಪಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ ಬರುತ್ತವೆ. ಗಣೇಶ, ಹನುಮಂತ ಮುಂತಾದ ದೇವರುಗಳು ಅನಿಮೇಶನ್ ರೂಪದಲ್ಲಿ ಅದೇ ಬಂಡೆಗಳ ನಡುವೆ ಕಾಣಿಸಿಕೊಳ್ಳುತ್ತಾರೆ. ಹಿನ್ನೆಲೆಯ ಸಂಗೀತ ಪಿಟೀಲು ವಿದ್ವಾಂಸ ಎಲ್. ಸುಬ್ರಮಣಿಯಂ ಅವರದು.

ಇದನ್ನು ರೂಪಿಸಿದವರು ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ. ಶಾ 1995ರಲ್ಲೇ ತಿರುಗುವ ಕಟ್ಟೆಯ ಇಂಥ ಕಲಾಕೃತಿಯೊಂದನ್ನು ಮಾಡಿದ್ದರು. ಅದರಲ್ಲಿ ಹಂಪಿ ಇರಲಿಲ್ಲ. ಹಂಪಿಯನ್ನು ತಂದದ್ದು ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್. ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಎಂಬ ವಿದ್ವಾಂಸರು 1980ರಿಂದ ವರ್ಷಗಟ್ಟಲೆ ವಿಜಯನಗರದ ಅವಶೇಷಗಳನ್ನು ಅಳೆದು ದಾಖಲಿಸುತ್ತಿದ್ದಾಗ ಅವರೊಂದಿಗೆ ಕ್ಯಾಮೆರಾ ಹಿಡಿದು ಬಂಡೆ ಹತ್ತಿಳಿದವರು ಇವರು. ಆ ಒಡನಾಟದ ಮುಂದಿನ ಹೆಜ್ಜೆಯಾಗಿ ಎರಡು ಕಣ್ಣಿಗೂ ಬೇರೆಬೇರೆ ಚಿತ್ರ ಕೊಡುವ, ಸುತ್ತು ಪೂರ್ತಿ ಕಾಣುವ ಪನೋರಮಾಗಳು ತಯಾರಾದವು. 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಮೊದಲ ಪ್ರದರ್ಶನ. ಹಂಪಿಯನ್ನು ಯುನೆಸ್ಕೊ ಅಪಾಯದಲ್ಲಿರುವ ತಾಣಗಳ ಪಟ್ಟಿಯಿಂದ ತೆಗೆದದ್ದೂ ಅದೇ ವರ್ಷ. ಆನಂತರ ಮೆಲ್ಬರ್ನ್‌ನ ಇಮಿಗ್ರೇಶನ್ ಮ್ಯೂಸಿಯಂನಲ್ಲೂ ಜನ ಇದನ್ನು ನೋಡಿದರು.

ಅಲ್ಲಿ ಕೆಂಡರ್ಡೈನ್ ಪರದೆಗಿಂತ ಹೆಚ್ಚಾಗಿ ಗಮನಿಸಿದ್ದು ಪರದೆಯ ಮುಂದಿನ ಜನರನ್ನು. ಒಬ್ಬರ ಕೈಯಲ್ಲಿ ನಿಯಂತ್ರಣ, ಉಳಿದವರ ಬಾಯಲ್ಲಿ ಸಲಹೆ: ಅತ್ತ ತಿರುಗಿಸಿ, ಅಲ್ಲಿ ನಿಲ್ಲಿಸಿ, ಆ ಕಂಬದ ಹಿಂದೆ ಏನಿದೆ ನೋಡೋಣ. ಗುರುತಿಲ್ಲದವರ ನಡುವೆ ಮಾತು ಹುಟ್ಟುತ್ತದೆ. ಮಗು ತಾಯಿಗೆ ದಾರಿ ತೋರಿಸುತ್ತದೆ. ನಿಯಂತ್ರಣ ಕೈಯಿಂದ ಕೈಗೆ ದಾಟುತ್ತದೆ. ಈ ಒಡನಾಟವೂ ಅನುಭವದ ಮುಖ್ಯ ಪಾಲು ಎನ್ನುವುದು ಅವರ ಬರಹಗಳಲ್ಲಿ ಬರುವ ಮಾತು. ಮಾಯಾಲೋಕ ಎಂದರೆ ಕಣ್ಣು ಮುಚ್ಚಿಕೊಂಡು ಒಬ್ಬರೇ ಮುಳುಗುವುದು ಎಂದುಕೊಂಡಿದ್ದವರಿಗೆ ಇದು ಅಚ್ಚರಿ. ಕಮಲಾಪುರದ ಪುರಾತತ್ವ ಮ್ಯೂಸಿಯಂನ ಅಂಗಳದಲ್ಲಿ ಹಂಪಿಯ ದೊಡ್ಡ ಮಾದರಿಯ ಸುತ್ತ ನಿಂತು ಬೆರಳು ಚಾಚಿ ವಾದಿಸುವ ಶಾಲಾಮಕ್ಕಳನ್ನು ಕಂಡವರಿಗೆ ಅಷ್ಟೇನೂ ಅಚ್ಚರಿಯಾಗಲಿಕ್ಕಿಲ್ಲ.

ಈಗ ಮಾರುಕಟ್ಟೆಯಲ್ಲಿರುವ ವರ್ಚುವಲ್ ರಿಯಾಲಿಟಿ ಹಿಡಿದಿರುವುದು ಬೇರೆಯೇ ದಾರಿ. ಅಲ್ಲಿ ಪ್ರತಿಯೊಬ್ಬರ ಮುಖಕ್ಕೂ ಒಂದು ಹೆಡ್‌ಸೆಟ್. ಒಳಗೆ ಎರಡು ಕಣ್ಣಿಗೆ ಎರಡು ಚಿತ್ರ, ಮುಂದೆ ಮಸೂರ. ತಲೆ ಅಲುಗಿದೊಡನೆ ಸೂಕ್ಷ್ಮ ಸಂವೇದಕಗಳು ಅದನ್ನು ಅಳೆದು ಚಿತ್ರವನ್ನು ಅಷ್ಟೇ ಸರಿಸುತ್ತವೆ. ತಲೆ ತಿರುಗಿದ್ದಕ್ಕೂ ಚಿತ್ರ ಸರಿದಿದ್ದಕ್ಕೂ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾದರೆ ಹಲವರಿಗೆ ಘಾಟಿ ಬಸ್ಸಿನಲ್ಲಿ ಆಗುವಂತೆ ಹೊಟ್ಟೆ ತೊಳಸುತ್ತದೆ. ಆಗ್‌ಮೆಂಟೆಡ್ ರಿಯಾಲಿಟಿ ಕಣ್ಣು ಮುಚ್ಚುವುದಿಲ್ಲ. ಎದುರಿಗಿರುವ ನಿಜದ ದೃಶ್ಯದ ಮೇಲೆ ಫೋನ್ ಅಥವಾ ಕನ್ನಡಕದ ಮೂಲಕ ಇನ್ನೊಂದು ಚಿತ್ರವನ್ನು ಕೂರಿಸುತ್ತದೆ.

ಹೆಡ್‌ಸೆಟ್ ಹಾಕಿಕೊಂಡವರು ಬೇರೆ ಬೇರೆ ಊರಿನಲ್ಲಿದ್ದರೂ ಒಂದೇ ಕಟ್ಟಿದ ಲೋಕದಲ್ಲಿ ಎದುರಾಗಬಹುದು ಎನ್ನುವಲ್ಲಿ ಈ ತಂತ್ರದ ಸಾಮಾಜಿಕ ಬದುಕು ಶುರುವಾಗುತ್ತದೆ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗಣಕದ ದೇಹ, ಅವತಾರ್. ಸಾಮಾನ್ಯ ಹೆಡ್‌ಸೆಟ್‌ಗೆ ನಿಜವಾಗಿ ಗೊತ್ತಿರುವುದು ಮೂರೇ ಬಿಂದು: ತಲೆ ಮತ್ತು ಎರಡು ಕೈ. ಮೊಣಕೈ ಎಲ್ಲಿ ಮಡಚಿತು, ಸೊಂಟ ಎತ್ತ ವಾಲಿತು ಎನ್ನುವುದೆಲ್ಲ ತಂತ್ರಾಂಶದ ಊಹೆ. ಮೆಟಾ ಕಂಪನಿಯ ಹೊರೈಜನ್ ವರ್ಲ್ಡ್ಸ್ ಎಂಬ ಇಂಥ ಲೋಕದಲ್ಲಿ ಬಹುಕಾಲ ಅವತಾರ್‌ಗಳಿಗೆ ಕಾಲೇ ಇರಲಿಲ್ಲ. ಸೊಂಟದಿಂದ ಮೇಲಿನ ಜನ ಗಾಳಿಯಲ್ಲಿ ತೇಲಾಡುತ್ತಿದ್ದರು. ಆದರೂ ಮಾತು ಶುರುವಾದ ಕೆಲವೇ ನಿಮಿಷಗಳಲ್ಲಿ ಎದುರಿಗೆ ಒಬ್ಬ ಮನುಷ್ಯ ನಿಂತಿದ್ದಾನೆ ಎನಿಸತೊಡಗುತ್ತದೆ. ತೊಗಲುಗೊಂಬೆಯಾಟ ನೋಡಿ ಬೆಳೆದ ಕೊಪ್ಪಳ-ಬಳ್ಳಾರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೊಂಬೆಗೆ ಅಲುಗುವ ಕೀಲುಗಳು ಕೆಲವೇ. ಹಿಂದಿನಿಂದ ಬರುವ ದನಿ ಅದಕ್ಕೆ ಸಿಟ್ಟು, ನಾಚಿಕೆ, ಜೀವ ಎಲ್ಲವನ್ನೂ ತುಂಬುತ್ತದೆ. 2025ರಲ್ಲಿ 96ರ ವಯಸ್ಸಿನಲ್ಲಿ ಪದ್ಮಶ್ರೀಗೆ ಆಯ್ಕೆಯಾದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಜೀವಮಾನವಿಡೀ ಮಾಡಿದ್ದು ಅದನ್ನೇ.

ಗಣಕದ ಲೋಕದಲ್ಲಿಯೂ ದನಿಗೆ ದಿಕ್ಕಿದೆ. ಎಡಕ್ಕೆ ನಿಂತವರ ಮಾತು ಎಡಗಿವಿಗೆ, ದೂರ ಸರಿದವರ ಮಾತು ಕ್ಷೀಣವಾಗಿ. ವಿಡಿಯೊ ಕರೆಯಲ್ಲಿ ಹತ್ತು ಮುಖಗಳು ಚೌಕಟ್ಟಿನಲ್ಲಿ ಸಾಲಾಗಿ ಕೂತು ಒಬ್ಬರ ಮಾತಿನ ಮೇಲೊಬ್ಬರು ಬೀಳುವ ಪಾಡು ಇಲ್ಲಿಲ್ಲ. ಮದುವೆಮನೆಯಂತೆ ಇಬ್ಬರು ಮೂಲೆಗೆ ಸರಿದು ಪಿಸುಮಾತಾಡಬಹುದು. 2017ರಿಂದ ಜನ ಬಳಸುತ್ತಿರುವ ವಿಆರ್‌ಚಾಟ್ ಎಂಬ ತಾಣದಲ್ಲಿ ಕಿವುಡರು ಸೇರಿ ಸಂಜ್ಞಾಭಾಷೆಯನ್ನು ಕಲಿಯುವ, ಕಲಿಸುವ ಕೂಟವನ್ನೇ ಕಟ್ಟಿಕೊಂಡಿದ್ದಾರೆ. ಕೈ ಕಾಣುವ ಕಾರಣಕ್ಕೇ ಸಾಧ್ಯವಾದ ಕೂಟ ಅದು.

ಭಾರತದಲ್ಲಿ ಈ ವಿಷಯ ಸುದ್ದಿಯಾದದ್ದು ಒಂದು ಮದುವೆಯಿಂದ. 2022ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಲಿಂಗಪುರಂ ಎಂಬ ಹಳ್ಳಿಯಲ್ಲಿ ತಾಳಿ ಕಟ್ಟಿದ ಜೋಡಿಯೊಂದು, ಕೋವಿಡ್ ನಿರ್ಬಂಧದಿಂದ ಬರಲಾಗದ ಬಂಧುಮಿತ್ರರಿಗಾಗಿ ಗಣಕದ ಲೋಕದಲ್ಲಿ ಆರತಕ್ಷತೆ ಇಟ್ಟುಕೊಂಡಿತು. ಮಂಟಪ ಹ್ಯಾರಿ ಪಾಟರ್ ಕಥೆಯ ಕೋಟೆಯಂತಿತ್ತು. ವಧುವಿನ ತೀರಿಕೊಂಡಿದ್ದ ತಂದೆಯ ಅವತಾರ್ ಅಲ್ಲಿ ನಿಂತು ಜೋಡಿಯನ್ನು ಹರಸಿತು. ಬಂದವರಲ್ಲಿ ಹೆಚ್ಚಿನವರು ಹೆಡ್‌ಸೆಟ್ ಇಲ್ಲದೆ ಫೋನು, ಲ್ಯಾಪ್‌ಟಾಪಿನಲ್ಲೇ ನೋಡಿದರು. ಊಟ ಮಾತ್ರ ಇರಲಿಲ್ಲ! ಕೆಲವರಿಗೆ ಇದು ಹೃದಯ ಮುಟ್ಟಿತು, ಕೆಲವರಿಗೆ ಮೈ ಜುಮ್ಮೆಂದಿತು. ಸತ್ತವರನ್ನು ಮಾತಾಡಿಸುವ ಹಕ್ಕು ಯಾರದ್ದು ಎಂಬ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಇನ್ನೂ ಕಿರಿಕಿರಿಯ ಪ್ರಶ್ನೆಗಳೂ ಇವೆ. 2021ರ ಕೊನೆಯಲ್ಲಿ ಹೊರೈಜನ್ ವರ್ಲ್ಡ್ಸ್ ಸಾರ್ವಜನಿಕರಿಗೆ ತೆರೆದುಕೊಂಡ ಬೆನ್ನಲ್ಲೇ, ಗಂಡಸರ ಅವತಾರ್‌ಗಳು ತಮ್ಮನ್ನು ಸುತ್ತುವರಿದು ಮೈಮುಟ್ಟಿ ಕಾಡಿದವೆಂದು ಮಹಿಳೆಯರು ದೂರಿದರು. ಮೈಯೇ ಇಲ್ಲದ ಲೋಕದಲ್ಲಿ ಮುಟ್ಟಿದ್ದೆಲ್ಲಿ ಎಂದು ಹಗುರವಾಗಿ ಮಾತಾಡಿದವರಿದ್ದರು. ಆದರೆ ಎದುರಿಗೆ ಮನುಷ್ಯ ಇದ್ದಾನೆ ಎಂದು ಮಿದುಳನ್ನು ನಂಬಿಸಿ ಹೆಡ್‌ಸೆಟ್ ಮಾರುವವರು ಆ ನಂಬಿಕೆಯ ಕೆಟ್ಟ ಮುಖವನ್ನು ತಮ್ಮದಲ್ಲವೆಂದು ಕೈಕೊಡವಲಾಗದು. 2022ರ ಫೆಬ್ರವರಿಯಲ್ಲಿ ಮೆಟಾ ಅವತಾರ್‌ಗಳ ನಡುವೆ ಸುಮಾರು ನಾಲ್ಕಡಿ ಅಂತರ ತಂತಾನೇ ಇರುವಂತೆ ಮಾಡಿತು. ಸಂತೆಯಲ್ಲಿ ಹೆಗಲು ತಾಗುವುದಕ್ಕೂ ಬಸ್ಸಿನಲ್ಲಿ ಬೇಕೆಂದೇ ತಾಗುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಯಂತ್ರಕ್ಕೆ ಸದ್ಯ ಗೊತ್ತಿರುವುದು ಅಡಿಪಟ್ಟಿ ಒಂದೇ.

ಮತ್ತೊಂದು ಸಂಗತಿಗೆ ಹಂಪಿಯ ಕಡೆಯಿಂದ ನೋಡಿದರೆ ಬೇರೆಯೇ ಅರ್ಥ ಬರುತ್ತದೆ. 2015ರಿಂದ ಜನ ಕೂಡುತ್ತಿದ್ದ ಆಲ್ಟ್‌ಸ್ಪೇಸ್‌ವಿಆರ್ ಎಂಬ ತಾಣವನ್ನು ಮೈಕ್ರೋಸಾಫ್ಟ್ 2017ರಲ್ಲಿ ಕೊಂಡಿತು. 2023ರ ಮಾರ್ಚ್ 10ರಂದು ಮುಚ್ಚಿತು. ಅಲ್ಲಿ ವಾರವಾರ ಸೇರುತ್ತಿದ್ದ ಗೆಳೆಯರ ಅಂಗಳ, ಜಗಲಿ, ವೇದಿಕೆ ಒಂದೇ ದಿನಕ್ಕೆ ಇಲ್ಲವಾದವು. ಹಂಪಿಯಲ್ಲಿ ಹಾಗಾಗಲಿಲ್ಲ: 1565ರ ಯುದ್ಧದ ನಂತರ ರಾಜಧಾನಿ ಹಾಳುಬಿದ್ದರೂ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ, ತೇರಿನ ಜನ ಬರುವುದು ತಪ್ಪಲಿಲ್ಲ. ಚೈತ್ರದ ರಥೋತ್ಸವಕ್ಕೆ ಇಂದಿಗೂ ಗುಡಿಯ ಮುಂದಿನ ಬೀದಿ ತುಂಬುತ್ತದೆ. ಕಂಪನಿಯ ಲೆಕ್ಕದ ಪುಸ್ತಕದ ಮೇಲೆ ನಿಂತ ಊರಿಗೆ ಈ ಭರವಸೆ ಇಲ್ಲ.

ಆ ಬೀದಿಯ ಕತೆಗೆ ಬರುವ ಮೊದಲು ಹೇಳಲೇಬೇಕಾದದ್ದು ಒಂದಿದೆ. 2010ರ ದಶಕದಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ‘ಡಿಜಿಟಲ್ ಹಂಪಿ’ ಎಂಬ ದೊಡ್ಡ ಯೋಜನೆ ನಡೆಯಿತು. ದೆಹಲಿ ಮತ್ತು ಮುಂಬೈನ ಐಐಟಿಗಳು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಮುಂತಾದವು ಇದರಲ್ಲಿ ಸೇರಿದ್ದವು. ವಿಠ್ಠಲ ದೇವಾಲಯದ ಸಂಕೀರ್ಣವನ್ನು ಅಳೆದು ಗಣಕದಲ್ಲಿ ಮರುಕಟ್ಟಿದರು. ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿರುವ ಗಿರಿಜಾ ಕಲ್ಯಾಣದ ಚಿತ್ರವನ್ನು ಅಲ್ಲಿನ ಜೀವಂತ ಆಚರಣೆಗಳೊಂದಿಗೆ ಹೆಣೆಯಲು ನೋಡಿದರು. ಈ ಕೆಲಸಗಳ ಸಂಕಲನ 2017ರಲ್ಲಿ ಪುಸ್ತಕವಾಗಿಯೂ ಬಂತು. ಕೆಲಸ ಗಟ್ಟಿಯಾದದ್ದು, ಅನುಮಾನವಿಲ್ಲ.

ಅದೇ ದಶಕದ ಆರಂಭದಲ್ಲಿ, 2011ರ ಜುಲೈ ಕೊನೆಯಲ್ಲಿ, ವಿರೂಪಾಕ್ಷ ಗೋಪುರದಿಂದ ಎದುರು ಬಸವಣ್ಣನವರೆಗೆ ಸಾಗುವ ರಥಬೀದಿಯ ಕಲ್ಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಅಂಗಡಿ, ಮನೆ, ಹೋಟೆಲುಗಳನ್ನು ಜೆಸಿಬಿ ತಂದು ಕೆಡವಲಾಯಿತು. ಸ್ಮಾರಕದ ಒತ್ತುವರಿ ತೆರವು ಎನ್ನುವುದು ಕಾರಣ. ಕಡ್ಡಿರಾಂಪುರದ ಬಳಿ ನಿವೇಶನ ಎನ್ನುವುದು ಪರಿಹಾರ. ಮಂಟಪಗಳಿಗೆ ಸಿಮೆಂಟು ಬಳಿದದ್ದು, ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು ಸರಿಯೆಂದು ಯಾರೂ ಹೇಳಲಾರರು. ಆದರೆ ಕ್ರಿ.ಶ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದ ಬೀದಿಗಳ ಬಗ್ಗೆ ಬರೆದದ್ದು ಬರೀ ಕಲ್ಲಿನ ಮಾತಲ್ಲ. ಸಂಜೆ ಸಂಜೆಗೆ ಕೂಡುವ ಸಂತೆ, ಮಾರಾಟಕ್ಕೆ ಬಂದ ಸಾಧಾರಣ ಕುದುರೆಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ಸೌದೆ, ಅವುಗಳ ನಡುವೆ ಓಡಾಡುವ ಜನ. ಇಂದು ಗಣಕದಲ್ಲಿ ಆ ಸಂತೆಯನ್ನು ಮರುಸೃಷ್ಟಿಸಬೇಕೆನ್ನುವವರು ಪಾಯೆಸನ ಪುಟ ತೆರೆದಿಟ್ಟುಕೊಂಡು ಒಂದೊಂದು ಬುಟ್ಟಿಯನ್ನೂ ಕೈಯಾರೆ ತುಂಬಬೇಕು. ಕಲ್ಲನ್ನು ಲೇಸರ್ ಅಳೆಯುತ್ತದೆ. ಚೌಕಾಶಿಯನ್ನು ಅಳೆಯುವ ಯಂತ್ರ ಬಂದಿಲ್ಲ. ಹಂಪಿಯ ವರ್ಚುವಲ್ ರೂಪಗಳಲ್ಲಿ ಬಹುಪಾಲು ನಿರ್ಜನವಾಗಿರುವುದಕ್ಕೆ ತಂತ್ರದ ಮಿತಿ ಒಂದು ಕಾರಣ. ನಿರ್ಜನ ಹಂಪಿಯೇ ಶುದ್ಧ ಹಂಪಿ ಎಂಬ ಅಭಿರುಚಿ ಇನ್ನೊಂದು. ಈ ಎರಡನೆಯದು ಹೆಚ್ಚು ಹಾನಿ ಮಾಡಿದೆ.

ಆಗ್‌ಮೆಂಟೆಡ್ ರಿಯಾಲಿಟಿ ಈ ವಿಚಾರದಲ್ಲಿ ಸ್ವಲ್ಪ ಮೇಲು, ಏಕೆಂದರೆ ಅದು ಜನರನ್ನು ಮನೆಯಿಂದ ಹೊರಗೆ ಎಳೆಯುತ್ತದೆ. 2016ರಲ್ಲಿ ಪೋಕೆಮಾನ್ ಗೋ ಎಂಬ ಫೋನ್ ಆಟ ಬಂದಾಗ ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಅಪರಿಚಿತರು ಫೋನ್ ಹಿಡಿದು ಗುಂಪುಗೂಡಿದ್ದರು.  ಕಾಣದ ಪ್ರಾಣಿಯನ್ನು ಹುಡುಕುವ ನೆಪದಲ್ಲಿ ಕಾಣುವ ಜನರ ಪರಿಚಯವಾಯಿತು.

ಹಂಪಿಯಲ್ಲಿ ಹುಡುಕಲು ಪೋಕೆಮಾನ್ ಬೇಕಿಲ್ಲ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಇಲ್ಲಿನ ಚಿತ್ರ ತೆಗೆದಿದ್ದರು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ. ಇಂದು ರಥ ಇದೆ, ಶಿಖರ ಇಲ್ಲ. 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಮೇಲೂ ಇರುವುದು ಶಿಖರವಿಲ್ಲದ ರಥವೇ. ರಥದ ಮುಂದೆ ನಿಂತು ಫೋನ್ ಎತ್ತಿದರೆ ಗ್ರೀನ್‌ಲಾ ಕಂಡ ಶಿಖರ ಅದರ ನೆತ್ತಿಯ ಮೇಲೆ ಮೂಡುವಂತೆ ಮಾಡುವುದು ಇವತ್ತಿನ ತಂತ್ರಜ್ಞಾನಕ್ಕೆ ದೊಡ್ಡ ಮಾತಲ್ಲ. ಹಾಗೆ ಮಾಡಿದರೆ ಮೊದಲು ಆಗುವುದು ಏನೆಂದು ಹಂಪಿಯ ಗೈಡ್‌ಗಳಿಗೆ ಚೆನ್ನಾಗಿ ಗೊತ್ತು: ಒಬ್ಬರ ಫೋನಿನೊಳಗೆ ನಾಲ್ವರು ಇಣುಕುತ್ತಾರೆ, ಹಾಗಿರಲಿಲ್ಲ ಹೀಗಿತ್ತು ಎಂದು ಐದನೆಯವರು ಶುರುಹಚ್ಚುತ್ತಾರೆ.

ಹೆಡ್‌ಸೆಟ್ ದುಬಾರಿ ಎನ್ನುವ ದೂರು ಈಗ ಅರ್ಧ ಮಾತ್ರ ನಿಜ. 2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಬೆಲೆ 3,499 ಡಾಲರ್. ಅದು ಬೇರೆಯೇ ಲೋಕ. ಆದರೆ 2023ರಲ್ಲಿ ಐಪಿಎಲ್ ನೋಡಲೆಂದು ಜಿಯೊ ತಂದ ಜಿಯೊಡೈವ್ 1,299 ರೂಪಾಯಿಗೆ ಸಿಗುತ್ತಿತ್ತು. ನಮ್ಮದೇ ಫೋನನ್ನು ಅದರೊಳಗೆ ಕೂರಿಸಿ ಕಣ್ಣಿಗೆ ಕಟ್ಟಿಕೊಳ್ಳಬೇಕು. ಕೈ ಬಳಸಲು, ನಡೆದಾಡಲು ಅದರಲ್ಲಿ ಆಗದು. ಕೂತು ಸುತ್ತ ನೋಡಬಹುದು. ಮೊಣಕಾಲು ನೋವಿನಿಂದ ಮಾತಂಗ ಬೆಟ್ಟದ ಮೆಟ್ಟಿಲು ಹತ್ತಲಾಗದ ಅಜ್ಜಿಗೆ ಸೂರ್ಯೋದಯ ತೋರಿಸಲು ಅಷ್ಟು ಸಾಕು. ಅಮೆರಿಕದ ರೆಂಡೆವರ್ ಎಂಬ ಕಂಪನಿ ವೃದ್ಧಾಶ್ರಮಗಳಲ್ಲಿ ಇದನ್ನೇ ಮಾಡುತ್ತಿದೆ. ಹಲವು ಹಿರಿಯರಿಗೆ ಒಟ್ಟಿಗೆ ಒಂದೇ ದೃಶ್ಯ ತೋರಿಸುತ್ತಾರೆ, ಕೆಲವೊಮ್ಮೆ ಅವರಲ್ಲೊಬ್ಬರ ಬಾಲ್ಯದ ಬೀದಿಯನ್ನೇ. ದೃಶ್ಯ ಒಂದೇ ಆಗಿರುವುದರಿಂದ ಮುಗಿದ ಮೇಲೆ ಮಾತಾಡಲು ಎಲ್ಲರಿಗೂ ವಿಷಯ ಸಿಗುತ್ತದೆ. ಸಿಯಾಟಲ್‌ನಲ್ಲೋ ದುಬೈಯಲ್ಲೋ ಇರುವ ಮೊಮ್ಮಗನೂ ಹೊಸಪೇಟೆಯ ಅಜ್ಜಿಯೂ ಒಂದೇ ಹೊತ್ತಿಗೆ ಒಂದೇ ಬೆಟ್ಟದ ಮೇಲೆ ನಿಂತರೆ ವಿವರಣೆ ಕೊಡುವವಳು ಅಜ್ಜಿಯೇ. ವಾರದ ವಿಡಿಯೊ ಕರೆಯಲ್ಲಿ ‘ಊಟ ಆಯ್ತಾ’ ಎಂಬಲ್ಲಿಗೆ ನಿಲ್ಲುವ ಮಾತು ಆಗ ಇನ್ನಷ್ಟು ಮುಂದೆ ಹೋದೀತು.

ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಅನಿಮೇಶನ್, ಗೇಮಿಂಗ್ ಮತ್ತು ಈ ಬಗೆಯ ವಿಸ್ತೃತ ವಾಸ್ತವ ತಂತ್ರಜ್ಞಾನಗಳಿಗಾಗಿ 2029ರವರೆಗಿನ ನೀತಿಯನ್ನು ಪ್ರಕಟಿಸಿತು. ನೀತಿಯ ಗಮನ ಉದ್ಯಮ, ಉದ್ಯೋಗ, ಸ್ಟುಡಿಯೊಗಳ ಮೇಲೆ. ಕಟ್ಟಿದ ಲೋಕದಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎನ್ನುವುದು ಅದರ ಚಿಂತೆಯಲ್ಲ. ಆ ಚಿಂತೆ ಬೇರೆಯವರು ಹೊರಬೇಕು.

ಹೊರಲು ಒಳ್ಳೆಯ ಜಾಗ ಕಂಪ್ಲಿ. ಹಂಪಿಗೆ ಗ್ರೀನ್‌ಲಾ ಬಂದರು, ಗೋಲಿಂಗ್ಸ್ ಬಂದರು, ಐಐಟಿಗಳು ಬಂದವು. ತುಂಗಭದ್ರೆಯ ದಂಡೆಯಲ್ಲೇ ಕೆಳಕ್ಕೆ ಇರುವ ಕಂಪ್ಲಿಯ ಮೇಲೆ ಅಂಥ ಬೆಳಕು ಬಿದ್ದಿಲ್ಲ. ವಿಜಯನಗರ ಹುಟ್ಟುವ ಮೊದಲೇ ಕಂಪಿಲರಾಯ ಆಳಿದ, 1327ರಲ್ಲಿ ದೆಹಲಿಯ ಸೈನ್ಯಕ್ಕೆ ಬಿದ್ದ ರಾಜ್ಯ ಅದು. ಅವನ ಮಗ ಕುಮಾರರಾಮ ಉಳಿದಿರುವುದು ಕಟ್ಟಡಗಳಲ್ಲಿ ಕಡಿಮೆ, ಜನರ ಬಾಯಲ್ಲಿ ಹೆಚ್ಚು: ಹಾಡಾಗಿ, ಬಯಲಾಟವಾಗಿ, ಊರೂರಿನ ಐತಿಹ್ಯವಾಗಿ. ಇಲ್ಲಿ ಲೇಸರ್ ಹಿಡಿದು ಬಂದವರಿಗೆ ಸಿಗುವುದು ಅಲ್ಪ. ಬದಲಿಗೆ ಕಾಲೇಜಿನ ಹುಡುಗ ಹುಡುಗಿಯರು ಸುತ್ತಲೂ ಸೆರೆಹಿಡಿಯುವ ಒಂದು ಕ್ಯಾಮೆರಾ, ಒಂದೆರಡು ಒಳ್ಳೆಯ ಮೈಕು ಹಿಡಿದು ಬಯಲಾಟದ ಕಟ್ಟೆಯ ಮುಂದೆ, ನೋಡುವವರ ಸಾಲಿನ ನಡುವೆಯೇ ಕೂತರೆ ದಾಖಲಾಗುವುದು ಬರೀ ಕುಮಾರರಾಮನ ಪಾತ್ರಧಾರಿಯಲ್ಲ. ಪಕ್ಕದವರ ಶಿಳ್ಳೆ, ಮಕ್ಕಳ ಅಳು, ಭಾಗವತರು ತಪ್ಪಿದಾಗ ಹಿಂದಿನಿಂದ ಪದ ಎತ್ತಿಕೊಡುವ ಮುದುಕ, ನಡುರಾತ್ರಿ ಚಹಾ ಹಂಚಲು ಸಾಲಿನೊಳಗೆ ನುಗ್ಗಿ ಬರುವ ಹುಡುಗ, ಎಲ್ಲರೂ ಅದರೊಳಗೆ ಬರುತ್ತಾರೆ. ಅದನ್ನು ಆಮೇಲೆ ಪುಣೆಯಲ್ಲೋ ಮಸ್ಕತ್‌ನಲ್ಲೋ ಕಣ್ಣಿಗೆ ಕಟ್ಟಿಕೊಂಡವರು ತಲೆ ಹೊರಳಿಸಿದ ಕಡೆಯೆಲ್ಲ ಕಂಪ್ಲಿಯ ಜನರೇ ಕಾಣುತ್ತಾರೆ.